ಸಿಪಾಯಿಯ ಬಾಕಿ

ಸೈನ್ಯಕ್ಕೆ ಸೇರಬಂದ ಹುಡುಗನನ್ನು ವೈದ್ಯರು ನಖಶಿಖಾಂತ ಪರೀಕ್ಷಿಸುತ್ತಾರೆ. ಎದೆ ಅಳೆಯುತ್ತಾರೆ, ಕಣ್ಣು ಕಿವಿ ನೋಡುತ್ತಾರೆ, ಊನ ಕಂಡರೆ ಹಿಂದಕ್ಕೆ ಕಳಿಸುತ್ತಾರೆ. ಹೀಗೆ ಗಟ್ಟಿಮುಟ್ಟೆಂದು ಆರಿಸಿಕೊಂಡವನೇ ರೋಗಿಯಾಗಿ ಹೊರಬಿದ್ದಾಗ, "ಇದು ನಿನ್ನ ದೇಹಪ್ರಕೃತಿಯ ದೋಷ, ಸೇವೆಗೂ ಇದಕ್ಕೂ ಸಂಬಂಧವಿಲ್ಲ" ಎಂದು ಸರ್ಕಾರ ಕೈ ತೊಳೆದುಕೊಳ್ಳುತ್ತದೆ. ಇದು ಯಾವ ನ್ಯಾಯ?

ಗಿರಣಿಯ ಕಾರ್ಮಿಕನಿಗೆ ಈ ಮಾತು ಹೊಸದಲ್ಲ. ಹತ್ತಿಧೂಳು ಕುಡಿದು ಕೆಮ್ಮುವವನಿಗೆ "ಬೀಡಿ ಸೇದಿ ಕೆಟ್ಟೆ" ಎನ್ನುವ ಮಾಲೀಕರನ್ನು ಆತ ಬಲ್ಲ.

ಧರಮ್‌ವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸಿಗ್ನಲ್ ದಳ ಸೇರಿದ. 1994ರಲ್ಲಿ ಮೂರ್ಛೆರೋಗದ ಕಾರಣ ಆತನನ್ನು ಮನೆಗೆ ಕಳಿಸಿದರು. ವೈದ್ಯಮಂಡಳಿ ಶೇಕಡ 20ರಷ್ಟು ಊನವೆಂದು ಎಣಿಸಿತು; ಆದರೆ ಸೇವೆಯಿಂದ ಬಂದ ರೋಗವಲ್ಲವೆಂದು ಬರೆದದ್ದರಿಂದ ಅಂಗವಿಕಲ ಪಿಂಚಣಿ ಸಿಗಲಿಲ್ಲ. ಕೊನೆಗೆ 2013ರ ಜುಲೈ 2ರಂದು ಸುಪ್ರೀಂ ಕೋರ್ಟು ಆತನ ಪರ ತೀರ್ಪಿತ್ತಿತು. ಸೇರುವಾಗ ರೋಗ ನಮೂದಾಗಿರದಿದ್ದರೆ ಆತ ಆರೋಗ್ಯವಂತನಾಗಿದ್ದನೆಂದೇ ತಿಳಿಯಬೇಕು. ರುಜುವಾತಿನ ಹೊರೆ ಸಿಪಾಯಿಯ ಮೇಲಿಲ್ಲ. ಸಂದೇಹದ ಲಾಭ ಅವನಿಗೇ ಸಲ್ಲಬೇಕು. ಇಷ್ಟು ಹೇಳಿಸಿಕೊಳ್ಳಲು ಹತ್ತೊಂಬತ್ತು ವರ್ಷ ಹಿಡಿಯಿತು!

ಆದ್ದರಿಂದ ತಿರಸ್ಕಾರದ ಪತ್ರ ಬಂದಿತೆಂದು ಯಾರೂ ಸುಮ್ಮನೆ ಕೂಡಬಾರದು. ಆರು ತಿಂಗಳೊಳಗೆ ಮೊದಲ ಮೇಲ್ಮನವಿ. ಅಲ್ಲಿ ಸೋತರೆ ಎರಡನೆಯದು. ಅದೂ ಸೋತರೆ 2007ರ ಕಾಯ್ದೆಯಂತೆ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಅದರ ಕೊಚ್ಚಿ ಪೀಠಕ್ಕೆ ಸೇರಿದೆ. ವೈದ್ಯಮಂಡಳಿಯ ವರದಿಯ ನಕಲನ್ನು ಕೇಳಿ ಪಡೆಯಿರಿ. ಕಾರಣ ಕೊಡದೆ ಬರಿ "ಸಂಬಂಧವಿಲ್ಲ" ಎಂದು ಬರೆದಿದ್ದರೆ ಅದನ್ನೇ ಮೊದಲು ಪ್ರಶ್ನಿಸಿರಿ. 2023ರ ಸೆಪ್ಟೆಂಬರ್ 21ರ ನಂತರ ಸೇವೆ ಬಿಟ್ಟವರಿಗೆ ಹೊಸ ನಿಯಮಗಳಿವೆ. ಅವರು ಅವನ್ನು ಓದಿಸಿ ತಿಳಿದು ಮುಂದುವರಿಯಲಿ.

ನಮ್ಮ ಬೀದಿಗಳಲ್ಲೂ ಮಾಜಿ ಸಿಪಾಯಿಗಳಿದ್ದಾರೆ: ಕೆಲವರು ಗಿರಣಿಯ ಬಾಗಿಲು ಕಾಯುತ್ತಾರೆ, ಕೆಲವರು ಪುಟ್ಟ ಅಂಗಡಿ ಇಟ್ಟುಕೊಂಡಿದ್ದಾರೆ. ಅವರ ಕಾಗದಪತ್ರ ಓದಿ ಹೇಳುವುದು, ಅರ್ಜಿ ಬರೆದುಕೊಡುವುದು ಅಕ್ಷರ ಬಲ್ಲ ಪ್ರತಿಯೊಬ್ಬ ಓದುಗನ ಕೆಲಸ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೂ ಜೊತೆಯಲ್ಲಿ ಹೋಗಿರಿ.

ಸರ್ಕಾರಕ್ಕೆ ನಮ್ಮದೊಂದೇ ಕೇಳಿಕೆ. ನ್ಯಾಯಮಂಡಳಿಯಲ್ಲಿ ಗೆದ್ದ ರೋಗಿಯನ್ನು ಮತ್ತೆ ಮೇಲಿನ ಕೋರ್ಟಿಗೆ ಎಳೆಯುವ ಚಾಳಿ ನಿಲ್ಲಲಿ. ಅಂಗಡಿಯ ಬಾಕಿಯನ್ನು ವಾಯಿದೆಗೆ ತೀರಿಸದವನನ್ನು ಪೇಟೆ ನಂಬುವುದಿಲ್ಲ. ಸಿಪಾಯಿಯ ಬಾಕಿಯನ್ನು ಆತ ಬದುಕಿರುವಾಗಲೇ ತೀರಿಸದ ಸರ್ಕಾರವನ್ನು ನಾಳಿನ ಹುಡುಗ ಯಾವ ಧೈರ್ಯದಿಂದ ನಂಬಿಯಾನು?