ಅಂಗಳದ ಕಾಂಕ್ರೀಟು: ಕೈಯಾರೆಯೋ, ಗೌಂಡಿಯೋ?

ಸಿಂಧನೂರಿನ ಗೃಹಸ್ಥನು ಅಂಗಳಕ್ಕೆ ತಾನೇ ಕಾಂಕ್ರೀಟು ಹಾಸಿ ಗೌಂಡಿಯ ಕೂಲಿಯನ್ನು ಉಳಿಸಬಯಸಿದರೆ, ಮೊದಲು ಕಾಲಡಿಯ ನೆಲವನ್ನು ನೋಡಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲಿನ ಹಾಸೂ ಅದರೊಡನೆ ಬಿರುಕು ಬಿಡುತ್ತದೆ. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವು ಎರಡು ಸಾವಿರ ವರ್ಷಗಳಿಗೂ ಮೀರಿ ಬಾಳಿದ್ದು ಬಂಡೆಯ ಮೇಲೆ, ಎರೆಯ ಮೇಲಲ್ಲ! ಲಿಂಗಸುಗೂರಿನ ಕಡೆ ಕಲ್ಲುನೆಲ ದೊರೆತವರು ಪುಣ್ಯವಂತರು.

ಎರೆಯನ್ನು ಅಗೆದು ತೆಗೆಯುವುದು, ಗರಸು ತುಂಬಿ ನೀರು ಚಿಮುಕಿಸಿ ದಮ್ಮಸು ಹೊಡೆಯುವುದು, ಹಾಸಿದ ತರುವಾಯ ವಾರಕ್ಕೆ ಕಡಿಮೆಯಿಲ್ಲದೆ ನೆನೆಯಿಸುವುದು, ಇವಿಷ್ಟೂ ಮನೆಯವರಿಗೆ ಸಾಧ್ಯವಾದುವೇ. ಆದರೆ ನೀರು ಕಂಡ ಸಿಮೆಂಟು ಯಾರಿಗೂ ಕಾಯದು. ಅಂಗಳ ದೊಡ್ಡದಾದರೆ ಆ ಒಂದು ದಿನಕ್ಕೆ ಗೌಂಡಿಯನ್ನು ಕರೆಯುವುದೇ ಲೇಸು. ಬೀದಿಯ ಕಡೆಗೆ ಇಳಿಜಾರು ಕೊಡುವಂತೆ ಅವನಿಗೆ ಮೊದಲೇ ಹೇಳಿಡಬೇಕು. ಗೋಡೆಯ ಬುಡದಲ್ಲಿ ನಿಂತ ನೀರು ಮರಳಿ ಎರೆಯನ್ನೇ ಸೇರುತ್ತದೆ.