ಕಾಗದ ಯಾರ ಕೈಯಲ್ಲಿ?

ಮೇ ಒಂದನೆಯ ತಾರೀಖು ಯಾವ ದಿನವೆಂದು ಗಿರಣಿಯ ಕಾರ್ಮಿಕ ಬಂಧುಗಳಿಗೆ ನಾವು ಹೇಳಬೇಕಾಗಿಲ್ಲ. ಆದರೆ ಮೂರನೆಯ ತಾರೀಖಿಗೂ ಒಂದು ಮಹತ್ವವಿದೆಯೆಂಬುದು ಬಹಳ ಮಂದಿಗೆ ತಿಳಿಯದು. ಅದು ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನ. ಅಂದು ರಾಜಧಾನಿಗಳಲ್ಲಿ ಸಭೆಗಳು ಜರುಗುತ್ತವೆ. ಮಂತ್ರಿಗಳು ಸಂದೇಶ ಕಳುಹಿಸುತ್ತಾರೆ. ದೊಡ್ಡ ಪತ್ರಿಕೆಗಳು ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುತ್ತವೆ. ಮರುದಿನ ಎಲ್ಲವೂ ಯಥಾಪ್ರಕಾರ. “ಇದು ಪತ್ರಿಕೆಯವರ ಹಬ್ಬ, ನಮಗೇನು?” ಎಂದು ಮಗ್ಗದ ಮುಂದೆ ನಿಂತವನೂ ತಕ್ಕಡಿ ಹಿಡಿದವನೂ ಕೇಳಿದರೆ ತಪ್ಪೇನಿಲ್ಲ. ಈ ದಿನ ಹುಟ್ಟಿದ ಬಗೆಯನ್ನು ಅರಿತರೆ ಆ ಪ್ರಶ್ನೆಗೆ ಉತ್ತರ ದೊರಕುತ್ತದೆ.

ಆಫ್ರಿಕಾ ಖಂಡದ ನೈಋತ್ಯ ತೀರದಲ್ಲಿ ನಮೀಬಿಯಾ ಎಂಬ ದೇಶವಿದೆ. ಮೊದಲು ಜರ್ಮನರ ವಸಾಹತಾಗಿದ್ದು, 1915ರಿಂದ ದಕ್ಷಿಣ ಆಫ್ರಿಕದ ಬಿಳಿಯರ ಆಳ್ವಿಕೆಗೆ ಸಿಕ್ಕಿ, ವರ್ಣಭೇದದ ನೊಗ ಹೊತ್ತು, ಕೊನೆಗೆ 1990ರ ಮಾರ್ಚ್ 21ರಂದು ಅದು ಸ್ವತಂತ್ರವಾಯಿತು. ಆಮೇಲೆ ವರ್ಷ ತುಂಬಿದ ಮರುತಿಂಗಳೇ, 1991ರ ಏಪ್ರಿಲ್ 29ರಿಂದ ಮೇ 3ರವರೆಗೆ, ಅದರ ರಾಜಧಾನಿಯಾದ ವಿಂಡ್‌ಹೋಕ್‌ನಲ್ಲಿ ಆಫ್ರಿಕದ ನಾನಾ ದೇಶಗಳ ಪತ್ರಕರ್ತರು ವಿಶ್ವಸಂಸ್ಥೆ ಮತ್ತು ಯುನೆಸ್ಕೋ ಸಂಸ್ಥೆಯ ಆಶ್ರಯದಲ್ಲಿ ಸಮ್ಮೇಳನ ಸೇರಿದರು. ಅದನ್ನು ನಡೆಸಿಕೊಟ್ಟವರಲ್ಲಿ ಗ್ವೆನ್ ಲಿಸ್ಟರ್ ಎಂಬ ಮಹಿಳೆಯೂ ಒಬ್ಬರು. ಪರರ ಆಳ್ವಿಕೆ ಇನ್ನೂ ನಡೆಯುತ್ತಿದ್ದ 1985ರಲ್ಲಿ ಅವರು ‘ದಿ ನಮೀಬಿಯನ್’ ಎಂಬ ಪತ್ರಿಕೆಯನ್ನು ಹುಟ್ಟುಹಾಕಿದ್ದರು. ಉಳ್ಳವರು ಅದಕ್ಕೆ ಜಾಹೀರಾತು ಕೊಡದೆ ಬಹಿಷ್ಕರಿಸಿದರು. 1988ರಲ್ಲಿ ಸಂಪಾದಕಿಯನ್ನು ಬಂಧಿಸಲಾಯಿತು. ಅದೇ ವರ್ಷ ಕಚೇರಿಗೆ ಬೆಂಕಿಯೂ ಬಿತ್ತು. ಆದರೂ ಪತ್ರಿಕೆ ನಿಲ್ಲಲಿಲ್ಲ. ಇಂಥ ಅನುಭವದಲ್ಲಿ ಬೆಂದು ಬಂದವರ ಸಭೆ ಅದು.

ಸಭೆ ಮುಗಿದ ಮೇ 3ರಂದು ಅವರು ಒಂದು ಘೋಷಣೆಯನ್ನು ಒಪ್ಪಿದರು. ಮುಂದೆ 1993ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಆ ತಾರೀಖನ್ನೇ ಪತ್ರಿಕಾ ಸ್ವಾತಂತ್ರ್ಯದ ದಿನವೆಂದು ಸಾರಿತು. ಆ ಘೋಷಣೆ ಯಾರ ಮುಖವನ್ನೂ ನೋಡಿ ಬರೆದದ್ದಲ್ಲ. 1969ರಿಂದ 1990ರೊಳಗೆ ಆಫ್ರಿಕದ 48 ಮಂದಿ ಪತ್ರಕರ್ತರು ವೃತ್ತಿಯಲ್ಲಿದ್ದಾಗಲೇ ಹತರಾದರೆಂದೂ, ಸಮ್ಮೇಳನದ ಹೊತ್ತಿಗೆ ಕಡೆಯ ಪಕ್ಷ 17 ಮಂದಿ ಸೆರೆಮನೆಯಲ್ಲಿದ್ದಾರೆಂದೂ ಅದು ಲೆಕ್ಕ ಕೊಟ್ಟಿತು. ಕೆಲವು ದೇಶಗಳಲ್ಲಿ ಒಂದೇ ಪಕ್ಷದ ಸರಕಾರ ಸುದ್ದಿಯನ್ನೆಲ್ಲ ತನ್ನ ಮುಷ್ಟಿಯಲ್ಲಿಟ್ಟುಕೊಂಡಿದೆಯೆಂದೂ ಹೇಳಿತು. ಆ ಸರಕಾರಗಳಲ್ಲಿ ಕೆಲವು ಸಮಾಜವಾದದ ಹೆಸರನ್ನೇ ಹೇಳಿಕೊಳ್ಳುತ್ತಿದ್ದವು. ಸಮಾಜವಾದಿಗಳಾದ ನಾವು ಆ ಮಾತನ್ನು ಕೇಳದವರಂತೆ ಮುಂದೆ ಹೋಗಲಾಗದು. ಜನರ ಬಾಯಿ ಕಟ್ಟಿ ಜನರ ರಾಜ್ಯ ಕಟ್ಟುತ್ತೇವೆಂಬುದು ಶುದ್ಧ ಸುಳ್ಳು.

ಘೋಷಣೆಯ ಹೃದಯವಿರುವುದು ‘ಸ್ವತಂತ್ರ ಪತ್ರಿಕೆ’ ಎಂಬ ಮಾತಿಗೆ ಅದು ಕೊಟ್ಟ ಅರ್ಥದಲ್ಲಿ. ಸರಕಾರದ ಹತೋಟಿ ಇರಬಾರದು. ರಾಜಕೀಯದ ಹತೋಟಿ ಇರಬಾರದು. ಹಣದ ಹತೋಟಿ ಇರಬಾರದು. ಅಷ್ಟಕ್ಕೇ ಮುಗಿಯಲಿಲ್ಲ. ಪತ್ರಿಕೆಯನ್ನು ಅಚ್ಚು ಹಾಕಿ ಹಂಚಲು ಬೇಕಾದ ಸಾಮಗ್ರಿಯ ಮೇಲೂ ಯಾರೂ ಹಿಡಿತ ಸಾಧಿಸಿ ಪತ್ರಿಕೆಯನ್ನು ಬಗ್ಗಿಸಬಾರದು. ಮುದ್ರಣ ಕಾಗದ, ಯಂತ್ರ, ಮೊಳೆ ಜೋಡಿಸುವ ಸಲಕರಣೆ ಇವುಗಳ ಮೇಲಿನ ಸುಂಕ ಮತ್ತು ಕೋಟಾಗಳನ್ನೂ, ಪತ್ರಿಕೆಯ ಮಾರಾಟದ ಮೇಲಿನ ತೆರಿಗೆಯನ್ನೂ ಗುರುತಿಸಿ ತೆಗೆದುಹಾಕಬೇಕೆಂದು ಅದು ಕೇಳಿತು.

ವರ್ತಕ ಬಂಧುಗಳಿಗೆ ಇದು ಬೇಗ ಅರ್ಥವಾಗುತ್ತದೆ. ಅಂಗಡಿಯನ್ನು ಮುಚ್ಚಿಸಲು ಬೀಗವೇ ಬೇಕಾಗಿಲ್ಲ. ಸಗಟು ವ್ಯಾಪಾರಿ ಮಾಲು ಕೊಡದಿದ್ದರೆ ಸಾಕು. ಪತ್ರಿಕೆಯ ಪಾಡೂ ಅದೇ. 1975ರ ಜೂನ್ 25ರ ರಾತ್ರಿ ನಮ್ಮ ದೇಶದಲ್ಲಿ ತುರ್ತು ಪರಿಸ್ಥಿತಿ ಬಂದಾಗ ದಿಲ್ಲಿಯ ಪತ್ರಿಕಾ ಕಚೇರಿಗಳ ಬೀದಿಗೆ ಮೊದಲು ಬಂದದ್ದು ಸೆನ್ಸಾರಿನ ಅಧಿಕಾರಿಯಲ್ಲ, ಕತ್ತಲೆ. ವಿದ್ಯುತ್ತನ್ನೇ ಕಡಿದರು. ಯಂತ್ರ ತಿರುಗದಿದ್ದ ಮೇಲೆ ಸಂಪಾದಕನ ಲೇಖನಿ ಎಷ್ಟು ಹರಿತವಾಗಿದ್ದರೇನು?

ಹಾಗಾದರೆ ಸರಕಾರ ದೂರ ಸರಿದರೆ ಸಾಕೇ? ಸಾಲದು. ಇಲ್ಲಿ ನಮ್ಮ ದೇಶದ ಇನ್ನೊಂದು ಪಾಠವನ್ನು ನೆನೆಯಬೇಕು. ದೊಡ್ಡ ಪತ್ರಿಕೆಗಳು ಕಡಿಮೆ ಬೆಲೆಗೆ ಹೆಚ್ಚು ಪುಟ ಕೊಟ್ಟು ಸಣ್ಣವನ್ನು ನುಂಗುತ್ತವೆಂದು, ಬೆಲೆಗೆ ತಕ್ಕಷ್ಟೇ ಪುಟ ಕೊಡಬೇಕೆಂಬ ಕಾಯಿದೆಯನ್ನು 1956ರಲ್ಲಿ ಮಾಡಲಾಯಿತು. ಪುಣೆಯ ‘ಸಕಾಳ್’ ಪತ್ರಿಕೆಯವರು ಅದನ್ನು ಪ್ರಶ್ನಿಸಿದರು. 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ತೀರ್ಪಿನಲ್ಲಿ ತಥ್ಯವಿಲ್ಲದಿಲ್ಲ. ಇಂದು ಪುಟ ಎಣಿಸುವ ಕೈ ನಾಳೆ ಮಾತು ಎಣಿಸೀತು. ಆದರೆ ಕಾಯಿದೆ ಬಿದ್ದುಹೋದರೂ ರೋಗ ವಾಸಿಯಾಗಲಿಲ್ಲ. ಹಣವಿದ್ದವನ ದನಿ ಊರಿಗೆಲ್ಲ ಕೇಳುತ್ತದೆ; ಇಲ್ಲದವನ ದನಿ ಅವನ ಓಣಿಯನ್ನೂ ದಾಟುವುದಿಲ್ಲ. ವಿಂಡ್‌ಹೋಕ್‌ನವರು ಇದನ್ನೂ ಮರೆಯಲಿಲ್ಲ. ಪತ್ರಿಕೆಗಳ ಮೇಲೆ ಯಾವ ಬಗೆಯ ಏಕಸ್ವಾಮ್ಯವೂ ಕೂಡದೆಂದರು. ಸಮಾಜದಲ್ಲಿರುವ ಎಲ್ಲ ಬಗೆಯ ಅಭಿಪ್ರಾಯಗಳೂ ಬೆಳಕಿಗೆ ಬರುವಷ್ಟು ಹೆಚ್ಚು ಪತ್ರಿಕೆಗಳಿರಬೇಕೆಂದರು.

ಇನ್ನೊಂದು ಮಾತನ್ನು ಗಿರಣಿಯ ಗೆಳೆಯರು ಗಂಟು ಹಾಕಿಕೊಳ್ಳಬೇಕು. ಪತ್ರಕರ್ತರ ನಿಜವಾದ ಸಂಘಗಳು ಇಲ್ಲದೆಡೆಯಲ್ಲಿ ಅವನ್ನು ಕಟ್ಟುವುದು ಆದ್ಯ ಕರ್ತವ್ಯವೆಂದೂ, ಅಂಥ ಸಂಘಗಳು ಬದುಕಿ ಕೆಲಸ ಮಾಡುವಂತೆ ಕಾರ್ಮಿಕ ಕಾನೂನುಗಳು ಇರಬೇಕೆಂದೂ ಆ ಘೋಷಣೆ ಹೇಳಿತು. ತಿಂಗಳ ಕೊನೆಗೆ ಸಂಬಳ ಬರುವುದೋ ಇಲ್ಲವೋ ಎಂದು ಅಂಜುವ ವರದಿಗಾರ, ಮಾಲೀಕನಿಗೆ ಹಿಡಿಸದ ಸತ್ಯವನ್ನು ಬರೆಯಲಾರ. ನಿಮ್ಮ ಸಂಘದ ಹಕ್ಕು ಬೇರೆ, ಪತ್ರಿಕೆಯ ಹಕ್ಕು ಬೇರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೇ ಒಂದಕ್ಕೂ ಮೂರಕ್ಕೂ ಪಂಚಾಂಗದಲ್ಲಿರುವಷ್ಟು ಅಂತರವೂ ಇಲ್ಲ.

ಸಮ್ಮೇಳನ ನಡೆದು ಮೂವತ್ತು ವರ್ಷಗಳಾದ ಮೇಲೆ, 2021ರಲ್ಲಿ, ಅದೇ ಊರಿನಲ್ಲಿ ಮತ್ತೆ ಸಭೆ ಸೇರಿತು. ಆ ಹೊತ್ತಿಗೆ ಕಾಗದದ ಸ್ಥಾನವನ್ನು ಬಹುಮಟ್ಟಿಗೆ ಮೊಬೈಲು ಆಕ್ರಮಿಸಿತ್ತು. ಸುದ್ದಿ ಒಂದು ಸಾರ್ವಜನಿಕ ಸ್ವತ್ತು ಎಂದು ಆ ಸಭೆ ಸಾರಿತು. ಊರ ಬಾವಿಯಂತೆ ಎನ್ನೋಣ. ಪತ್ರಿಕೆಗಳು ಬದುಕಿ ಉಳಿಯಲು ಆಸರೆ ಬೇಕೆಂದೂ, ಅಂತರಜಾಲದ ಕಂಪನಿಗಳು ತಮ್ಮ ವ್ಯವಹಾರವನ್ನು ಬಯಲಿಗಿಡಬೇಕೆಂದೂ, ನಿಜ ಸುಳ್ಳುಗಳನ್ನು ಸೋಸುವ ವಿದ್ಯೆ ಜನಕ್ಕೆ ದೊರೆಯಬೇಕೆಂದೂ ಕೇಳಿತು. ಹಿಂದೆ ಕಾಗದದ ಗೋದಾಮಿನ ಬೀಗದ ಕೈ ಯಾರ ಬಳಿ ಇದೆಯೆಂದು ಕೇಳುತ್ತಿದ್ದೆವು. ಈಗ ಯಾವ ಸುದ್ದಿ ಯಾರ ಕಣ್ಣಿಗೆ ಬೀಳಬೇಕೆಂದು ದೂರದಲ್ಲಿ ಕುಳಿತು ತೀರ್ಮಾನಿಸುವವರು ಯಾರೆಂದು ಕೇಳಬೇಕಾಗಿದೆ. ಬೀಗ ಬದಲಾಗಿದೆ, ಪ್ರಶ್ನೆ ಬದಲಾಗಿಲ್ಲ.

ಇನ್ನು ನಮ್ಮ ಮನೆಯ ಮಾತು. ರಾಜಕೀಯದ ಹತೋಟಿಯೂ ಇರಬಾರದೆಂದು ಘೋಷಣೆ ಹೇಳುತ್ತದೆ. ಇದು ಪಕ್ಷದ ಪತ್ರಿಕೆ. ಹಾಗಾದರೆ ನಾವು ಸ್ವತಂತ್ರರೆ? ಆ ಅಳತೆಯಲ್ಲಿ ಅಲ್ಲ. ನಾವು ಯಾರ ಪಕ್ಷವೆಂಬುದನ್ನು ಮೊದಲ ಪುಟದಲ್ಲೇ ಅಚ್ಚು ಹಾಕುತ್ತೇವೆ, ನಿಷ್ಪಕ್ಷಪಾತಿಗಳೆಂದು ವೇಷ ಹಾಕುವುದಿಲ್ಲ ಎಂಬುದಷ್ಟೇ ನಮ್ಮ ಸಮಾಧಾನ. ಆದರೆ ಅದೂ ಪೂರ್ತಿ ಸಮಾಧಾನವಲ್ಲ. ಕಳೆದ ವರ್ಷ ಗಿರಣಿಯ ಬಂಧುವೊಬ್ಬರು ನಮ್ಮದೇ ಸಂಘದ ಚಂದಾ ಹಣದ ಲೆಕ್ಕ ಕೇಳಿ ನಮಗೊಂದು ಪತ್ರ ಬರೆದರು. ಆಗ ಬೋನಸ್ಸಿನ ಮಾತುಕತೆ ನಡೆಯುತ್ತಿತ್ತು. ವಿರೋಧಿಗಳ ಕೈಗೆ ಕೋಲು ಕೊಟ್ಟಂತಾದೀತೆಂದು ಆ ಪತ್ರವನ್ನು ಮೇಜಿನ ಖಾನೆಯಲ್ಲಿಟ್ಟೆವು. ಮಾತುಕತೆ ಮುಗಿಯಿತು, ಪತ್ರ ಖಾನೆಯಲ್ಲೇ ಉಳಿಯಿತು. ಇದಕ್ಕೆ ಸೆನ್ಸಾರೆಂದಲ್ಲದೆ ಬೇರೆ ಹೆಸರಿಲ್ಲ. ಯಾವ ಸರಕಾರವೂ ನಮ್ಮನ್ನು ಒತ್ತಾಯಿಸಿರಲಿಲ್ಲ, ಯಾವ ಶ್ರೀಮಂತನೂ ಬೆದರಿಸಿರಲಿಲ್ಲ. ನಮ್ಮ ಕೈಯಾರೆ ನಾವೇ ಮಾಡಿದ್ದು. ಆ ಪತ್ರ ಈ ಸಂಚಿಕೆಯ ಮೂರನೆಯ ಪುಟದಲ್ಲಿದೆ. ಅದರ ಪಕ್ಕದಲ್ಲೇ ಸಂಘದ ಲೆಕ್ಕವೂ ಇದೆ. ಬರೆದವರ ಕ್ಷಮೆಯನ್ನು ಬೇಡುತ್ತೇವೆ.

ಹಾಗೆಯೇ ಒಬ್ಬ ವರ್ತಕರು ಈ ಪತ್ರಿಕೆಗೆ ಜಾಹೀರಾತು ಕೊಡುವುದನ್ನು ನಿಲ್ಲಿಸಿದರು. “ನಿಮ್ಮ ಮೇಲೆ ಸಿಟ್ಟಿಲ್ಲ ಮೇಷ್ಟ್ರೇ, ಸಾಲಕ್ಕೆ ಮಾಲು ಕೊಡುವ ಸಾಹುಕಾರರು ಮುಖ ಸಿಂಡರಿಸುತ್ತಾರೆ” ಎಂದರು. ಅವರನ್ನು ನಾವು ದೂರುವುದಿಲ್ಲ, ಮಕ್ಕಳೊಂದಿಗರು. ಜಾಹೀರಾತು ನಿಂತಿತು, ಚಂದಾ ಮಾತ್ರ ನಿಲ್ಲಿಸಲಿಲ್ಲ. ಅಂಗಡಿಯ ಒಳಮನೆಯಲ್ಲಿ ಕುಳಿತು ಇಂದಿಗೂ ಓದುತ್ತಾರೆ. ಜಾಹೀರಾತಿನ ಬಲದಿಂದ ನಡೆಯುವ ಪತ್ರಿಕೆ ಸಾಹುಕಾರನ ಮುಖ ನೋಡಬೇಕಾಗುತ್ತದೆ. ಚಂದಾದಾರರ ಬಲದಿಂದ ನಡೆಯುವ ಪತ್ರಿಕೆ ನಿಮ್ಮ ಮುಖ ನೋಡುತ್ತದೆ. ಪತ್ರಿಕಾ ಸ್ವಾತಂತ್ರ್ಯವೆಂಬ ದೊಡ್ಡ ಮಾತು ನಮ್ಮ ಊರಿನಲ್ಲಿ ಕೊನೆಗೆ ಈ ಸಣ್ಣ ಲೆಕ್ಕಕ್ಕೆ ಬಂದು ನಿಲ್ಲುತ್ತದೆ.

ಆದುದರಿಂದ ವಾಚಕರಲ್ಲಿ ನಮ್ಮ ವಿನಂತಿ ಎರಡೇ. ಬಾಕಿ ಇರುವ ಚಂದಾ ಸಲ್ಲಿಸಿ. ನಾವು ತಪ್ಪು ಮಾಡಿದಾಗ ಪತ್ರ ಬರೆಯಿರಿ. ಅದು ಇನ್ನು ಮೇಜಿನ ಖಾನೆಯನ್ನು ಸೇರುವುದಿಲ್ಲ.