ತೊಟ್ಟಿಯ ಲೆಕ್ಕ, ಮೀನಿನ ಲೆಕ್ಕ

ನೂರು ಮೀನುಗಳನ್ನು ಸಾಕಿದ ತೊಟ್ಟಿಯಲ್ಲಿ ಇನ್ನೂರನ್ನು ಸಾಕಿದರೆ ಫಲವೂ ಇಮ್ಮಡಿಯಾಗಬೇಕಲ್ಲವೆ? ಮೇಲ್ನೋಟಕ್ಕೆ ಈ ತ್ರೈರಾಶಿಯಲ್ಲಿ ತಪ್ಪೇನೂ ಕಾಣದು. ಆದರೆ ಜೀವಿಗಳ ವಿಷಯದಲ್ಲಿ ತ್ರೈರಾಶಿಯನ್ನು ನಂಬಿ ನಡೆಯಲಾಗದೆಂಬುದನ್ನು ಸ್ಟರ್ಜನ್ ಮೀನಿನ ಸಾಕಣೆಯಿಂದ ನಾವು ಕಲಿಯಬಹುದು.

ಈ ಮೀನಿನ ವಂಶ ಸುಮಾರು 20 ಕೋಟಿ ವರ್ಷಗಳಷ್ಟು ಪುರಾತನವಾದುದು. ಕ್ಯಾಸ್ಪಿಯನ್ ಸಮುದ್ರದಲ್ಲಿಯೂ ಅದನ್ನು ಸೇರುವ ನದಿಗಳಲ್ಲಿಯೂ ಹೇರಳವಾಗಿದ್ದ ಇದನ್ನು, ಕ್ಯಾವಿಯರ್ ಎಂದು ಮಾರಾಟವಾಗುವ ಮೊಟ್ಟೆಗಾಗಿ ಮನುಷ್ಯನು ಮಿತಿಮೀರಿ ಹಿಡಿದನು. ಅಣೆಕಟ್ಟುಗಳು ಇದರ ದಾರಿಯನ್ನು ಮುಚ್ಚಿದವು. ಇಂದು ಮಾರುಕಟ್ಟೆಯ ಕ್ಯಾವಿಯರಿನ ಬಹುಭಾಗ ಸಾಕಿದ ಮೀನುಗಳಿಂದಲೇ ಬರುತ್ತಿದೆ. ಚೀನ ಇದರಲ್ಲಿ ಅಗ್ರಸ್ಥಾನದಲ್ಲಿದೆ.

ಮೀನಿಗೆ ನೀರು ಕೇವಲ ಸ್ಥಳವಲ್ಲ, ಉಸಿರೂ ಹೌದು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರು ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕವಿದ್ದರೆ, ಒಂದು ಲೀಟರು ಸಿಹಿನೀರು ಗಾಳಿಯಿಂದ ಹೀರಿಕೊಳ್ಳಬಲ್ಲುದು ಸುಮಾರು 9 ಮಿಲಿಗ್ರಾಂ ಮಾತ್ರ. ಈ ಅಲ್ಪ ನಿಧಿಯನ್ನು ಹಲವರು ಹಂಚಿಕೊಳ್ಳಬೇಕಾದಾಗ ಎಲ್ಲರಿಗೂ ಕೊರತೆಯಾಗುತ್ತದೆ. ಕಿವಿರುಗಳಿಂದ ಹೊರಬೀಳುವ ಅಮೋನಿಯವು ಅದೇ ನೀರಿನಲ್ಲಿ ಸೇರಿ ವಿಷವಾಗುತ್ತದೆ. ಇಷ್ಟಲ್ಲದೆ, ಸ್ಟರ್ಜನ್ ತಳವಾಸಿ. ಮೂತಿಯ ಕೆಳಗಿನ ನಾಲ್ಕು ಮೀಸೆಗಳಿಂದ ತಳವನ್ನು ತಡವುತ್ತ ನಿಧಾನವಾಗಿ ಆಹಾರ ಹುಡುಕುವುದು ಅದರ ಸ್ವಭಾವ. ಆದುದರಿಂದ ತೊಟ್ಟಿ ಎಷ್ಟು ಆಳವಾಗಿದೆ ಎಂಬುದಕ್ಕಿಂತ ಅದರ ತಳ ಎಷ್ಟು ವಿಶಾಲವಾಗಿದೆ ಎಂಬುದೇ ಮುಖ್ಯ. ಇಕ್ಕಟ್ಟಿನಲ್ಲಿ ಬಲಿಷ್ಠವಾದುವು ತಿಂದು ಬೆಳೆಯುತ್ತವೆ, ದುರ್ಬಲವಾದುವು ಹಿಂದುಳಿಯುತ್ತವೆ. ಒಂದಕ್ಕೊಂದು ಉಜ್ಜಿ ಈಜುರೆಕ್ಕೆಗಳು ಸವೆಯುತ್ತವೆ. ಆ ಗಾಯಗಳೇ ರೋಗಾಣುಗಳಿಗೆ ಬಾಗಿಲಾಗುತ್ತವೆ.

ಯಂತ್ರದಿಂದ ಆಮ್ಲಜನಕವನ್ನು ಒದಗಿಸಿ, ನೀರನ್ನು ಶೋಧಿಸಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಹಾಗೆ ಮಾಡಿ ಹೆಚ್ಚು ಮೀನುಗಳನ್ನು ಸಾಕಬಹುದೆಂಬುದು ನಿಜ. ಒಂದು ಮಿತಿಯವರೆಗೆ ತೊಟ್ಟಿಯ ಒಟ್ಟು ತೂಕವೂ ಏರುತ್ತದೆ. ಆದರೆ ಒಟ್ಟು ತೂಕ ಏರುತ್ತಿರುವಾಗಲೇ ಒಂದೊಂದು ಮೀನಿನ ಬೆಳವಣಿಗೆ ಕುಂಠಿತವಾಗಬಹುದೆಂಬುದನ್ನು ಮರೆಯಬಾರದು. ಮೊಟ್ಟೆಗಾಗಿ ಹಲವು ವರ್ಷ ಕಾಯಬೇಕಾದ ಈ ಸಾಕಣೆಯಲ್ಲಿ ಬೆಳವಣಿಗೆ ತಡವಾದರೆ ನಷ್ಟ ಸಾಕುವವನಿಗೇ. ಕಿಕ್ಕಿರಿದ ತೊಟ್ಟಿಯ ಯಂತ್ರವು ಅಲ್ಪಕಾಲ ಕೆಟ್ಟು ನಿಂತರೂ ವರ್ಷಗಳ ಶ್ರಮ ಉಸಿರುಗಟ್ಟಿ ಸಾಯುತ್ತದೆ.

ಬದುಕುಳಿದಿರುವ ಸ್ಟರ್ಜನ್ ಮತ್ತು ಅದರ ಬಂಧುವಾದ ಪ್ಯಾಡಲ್ ಮೀನಿನ 26 ಜಾತಿಗಳೂ ಅಳಿವಿನ ಭೀತಿಯಲ್ಲಿವೆಯೆಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2022ರಲ್ಲಿ ಸಾರಿತು. ನದಿಗಳಿಗೆ ಮರಳಿ ಬಿಡುವುದಕ್ಕೂ ತೊಟ್ಟಿಗಳಲ್ಲೇ ಮರಿಗಳನ್ನು ಬೆಳೆಸುತ್ತಾರೆ. ರೆಕ್ಕೆ ಸವೆದ ಮರಿ ಹೊಳೆಯ ಸೆಳೆತವನ್ನು ಹೇಗೆ ಎದುರಿಸೀತು? ಆದುದರಿಂದ ಸಾಕಣೆಯ ಯಶಸ್ಸನ್ನು ಘನ ಮೀಟರಿಗೆ ಇಷ್ಟು ಕಿಲೋಗ್ರಾಂ ಎಂಬ ಒಂದೇ ಅಂಕಿಯಿಂದ ಅಳೆಯಕೂಡದೆಂದು ನಾವು ಅಭಿಪ್ರಾಯಪಡುತ್ತೇವೆ. ಎಷ್ಟು ಮೀನುಗಳು ಬದುಕಿದವು, ಎಲ್ಲವೂ ಸಮನಾಗಿ ಬೆಳೆದವೆ, ಅವುಗಳ ರೆಕ್ಕೆ ನೆಟ್ಟಗಿವೆಯೆ ಎಂಬ ಪ್ರಶ್ನೆಗಳೂ ಲೆಕ್ಕದ ಪುಸ್ತಕದಲ್ಲಿ ಸೇರಬೇಕು. ತೊಟ್ಟಿಯನ್ನು ತುಂಬಿಸುವುದು ಸುಲಭ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೇ ವಿಜ್ಞಾನ.